ತಕ್ಕಾಳಿ ಊರಿನಲ್ಲೊಂದು ಮರ ತಕ್ಕಾಳಿ

ರಾಯಕೋಟೆಯವನು ತಕ್ಕಾಳಿ, ಅಂದರೆ ಟೊಮೇಟೊ, ಬೆಳೆದೆನೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಎರಡು ವರ್ಷ ಒದ್ದಾಡಿ ಒಟ್ಟು ಹನ್ನೊಂದು ಬೆಳೆದೆನೆಂದರೆ ನಿಂತು ನೋಡುತ್ತಾರೆ.

ತಪ್ಪು ಊಟಿಯದು. ಅಲ್ಲಿನ ಮಾರ್ಕೆಟ್ಟಿನಲ್ಲಿ 'ಮರ ತಕ್ಕಾಳಿ' ಅಂತ ಕೆಂಪು ಮೊಟ್ಟೆಯಂಥ ಹಣ್ಣು ಗುಡ್ಡೆ ಹಾಕಿದ್ದರು. ಆಂಡಿಸ್ ಬೆಟ್ಟಗಳ ಗಿಡ. ನ್ಯೂಜಿಲೆಂಡಿನವರು 1967ರಲ್ಲಿ ಇದಕ್ಕೆ 'ಟ್ಯಾಮರಿಲ್ಲೊ' ಎಂದು ವ್ಯಾಪಾರದ ಹೆಸರಿಟ್ಟರು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹಣ್ಣು. ಆದರೆ ಚಳಿ ಬೇಕು. 2,240 ಮೀಟರ್ ಎತ್ತರದ ಊಟಿಗೆ ಅದೇನು ಕಷ್ಟ? ನಮ್ಮಲ್ಲಿ ಮಾಗಿಯ ಎರಡು ತಿಂಗಳು ಸ್ವೆಟರ್ ಹಾಕಿದರೆ ಮುಗಿಯಿತು. ಆದರೂ ಗಿಡ ತಂದು ನೆಟ್ಟೆ. ಉಳಿದ ಹತ್ತು ತಿಂಗಳು ನಾನೇ ಊಟಿಯಾದೆ: ಗಿಡದ ತಲೆಗೆ ಹಳೇ ಸೀರೆಯ ನೆರಳು, ಬುಡಕ್ಕೆ ಒದ್ದೆ ಗೋಣಿ. ಬೇರು ಆಳಕ್ಕಿಳಿಯದ ಜಾತಿ, ಗಾಳಿ ಎದ್ದರೆ ಓಡಿಹೋಗಿ ತಬ್ಬಿಕೊಂಡು ನಿಲ್ಲುತ್ತಿದ್ದೆ. "ನಂಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡ್ಲಿಲ್ಲ ಈ ಮಹಾರಾಯ" ಎಂದಳು ಹೆಂಡತಿ, ಗಿಡಕ್ಕೆ ಕೇಳುವ ಹಾಗೆ.

ಮೊದಲ ಹಣ್ಣಿಗೆ ಏಳು ಜನರನ್ನು ಕರೆದೆ. ಬಿಸಿನೀರಲ್ಲಿ ಅದ್ದಿ, ಕಹಿ ಸಿಪ್ಪೆ ಸುಲಿದು, ಏಳು ಬಿಲ್ಲೆ ಕೊಯ್ದೆ. ಬೀಜದ ಸುತ್ತ ನೇರಳೆ ಲೋಳೆ. "ಹಣ್ಣಾಗಿದೆಯೋ, ಕೊಳೆತಿದೆಯೋ?" ಎಂದರೊಬ್ಬರು. ಉಳಿದವರೆಲ್ಲ ಪಕ್ಕದ ತೋಟದ ಅಣ್ಣನ ಮುಖ ನೋಡಿದರು. ಮೂವತ್ತು ವರ್ಷದಿಂದ ಟೊಮೇಟೊ ಬೆಳೆಯುತ್ತಿರುವವರು. ಅಣ್ಣ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದರು. ಅಗಿದರು. ಎಡ ದವಡೆ ಮುಗಿಸಿ ಬಲಕ್ಕೆ ದಾಟಿಸಿದರು. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹಾಗೆ ಉಸಿರು ಹಿಡಿದವನಲ್ಲ.

"ಮೇಷ್ಟ್ರೇ, ಚೂರು ಉಪ್ಪು?"

ಉಪ್ಪು ಬಂತು. ಇನ್ನೊಬ್ಬರ ಬಿಲ್ಲೆಯೂ ಹೋಯಿತು. ಖಾರದ ಪುಡಿ ಬಂತು. ಮೂರನೆಯದೂ ಹೋಯಿತು. ಕಣ್ಣು ತೆರೆದರು.

"ಆಂ! ಈಗ ಟಮಾಟ ಇದ್ದಂಗೇ ಐತೆ."

ಏಳೂ ಜನ ನಕ್ಕರು. ನನಗೆ ಕೋಪ ಬಂತು. ಎರಡು ವರ್ಷದ ತಪಸ್ಸಿಗೆ ಟಮಾಟದ ಸರ್ಟಿಫಿಕೇಟು! ಏನೋ ಚುಚ್ಚುಮಾತು ಆಡುವವನಿದ್ದೆ. ಅಷ್ಟರಲ್ಲಿ ಅಣ್ಣನ ಹೆಂಡತಿ ಸಹಜವಾಗಿ ಹೇಳಿದರು: ಆ ವಾರ ಅವರು ಹೊಲದಲ್ಲಿ ಹಣ್ಣು ಬಿಡಿಸಿಯೇ ಇರಲಿಲ್ಲ. ಮಂಡಿಯಲ್ಲಿ ಬರುವ ದುಡ್ಡು ಬಿಡಿಸುವ ಕೂಲಿಗೂ ಸಾಲುತ್ತಿರಲಿಲ್ಲ. ಗಿಡದಲ್ಲೇ ಕೆಂಪಗೆ ಕೊಳೆಯುತ್ತಿದ್ದ ಎರಡೆಕರೆ ಬಿಟ್ಟು, ನನ್ನ ಒಂದು ಬಿಲ್ಲೆ ತಿನ್ನಲು ಬಂದಿದ್ದರು.

ಹೊರಡುವಾಗ ಅಣ್ಣ ಮರದ ಹತ್ತಿರ ನಿಂತರು.

"ಒಂದು ಕಡ್ಡಿ ಮುರ್ಕೊಡಿ ಮೇಷ್ಟ್ರೇ, ನೆಡ್ತೀನಿ. ಇದಕ್ಕೆ ಮಂಡೀಲಿ ರೇಟು ಇಲ್ಲ ಅಲ್ವಾ?"

"ಇಲ್ಲಣ್ಣ."

"ಹಂಗಾದ್ರೆ ಎರಡು ಕೊಡಿ."