ಸಿಲಿಕೋನ್ ಎಣ್ಣೆಯವರ ಜೊತೆ ಒಂದು ಜಾರು ಮಾತುಕತೆ

ಪೀಣ್ಯದ ಗೋದಾಮೊಂದರಲ್ಲಿ, 200 ಲೀಟರಿನ ಡ್ರಮ್ಮಿನಲ್ಲಿ ಸಿಕ್ಕರು. ಬಣ್ಣವಿಲ್ಲ, ವಾಸನೆಯಿಲ್ಲ. ಕೈಕುಲುಕಿದ ಮೇಲೆ ಎಷ್ಟು ಸೋಪು ಹಾಕಿದರೂ ಬೆರಳು ಜಾರುವುದು ನಿಲ್ಲಲಿಲ್ಲ.

ತಮ್ಮ ಉದ್ಯೋಗ?

ಯಾವ ಇಲಾಖೆಯದು ಹೇಳಲಿ? ಟಯರ್ ಕಾರ್ಖಾನೆಯಲ್ಲಿ ರಬ್ಬರು ಅಚ್ಚಿಗೆ ಅಂಟದಂತೆ ನೋಡ್ಕೋತೀನಿ. ಬಟ್ಟೆ ಗಿರಣಿಯಲ್ಲಿ ಅಮೈನೋ ವೇಷ ಹಾಕಿ ಹತ್ತಿಗೆ ನಯ ಕೊಡ್ತೀನಿ. ಅಂಗಡಿಯವನು ‘ಮುಟ್ಟಿ ನೋಡಿ ಮೇಡಂ’ ಅಂದಾಗ ಅವರು ಮುಟ್ಟೋದು ನನ್ನನ್ನೇ. ಬೆಂಕಿಯ ಭಯವಿರುವ ಕಡೆ ಟ್ರಾನ್ಸ್‌ಫಾರ್ಮರ್ ಒಳಗೂ ನಾನೇ. 300 ಡಿಗ್ರಿ ದಾಟೋವರೆಗೆ ಉರಿಯೋ ಪೈಕಿ ಅಲ್ಲ.

ಹುಟ್ಟಿದ್ದು?

ನಾಟಿಂಗ್‌ಹ್ಯಾಮ್‌ನ ಫ್ರೆಡರಿಕ್ ಕಿಪ್ಪಿಂಗ್ ಮೇಷ್ಟ್ರು ದಶಕಗಟ್ಟಲೆ ನಮ್ಮ ವಂಶಾವಳಿ ಶೋಧಿಸಿ, ಕೊನೆಗೆ ದೊಡ್ಡ ಭವಿಷ್ಯವೇನೂ ಕಾಣದು ಅಂತ ಷರಾ ಬರೆದರು. 1940ರಲ್ಲಿ ಅಮೆರಿಕದ ಯೂಜೀನ್ ರೋಕೋ ಸಿಲಿಕಾನ್ ಪುಡಿಯ ಮೇಲೆ, ತಾಮ್ರ ಬೆರೆಸಿ, ಬಿಸಿ ಮೀಥೈಲ್ ಕ್ಲೋರೈಡ್ ಹಾಯಿಸಿದರು. ಬಂದ ಕ್ಲೋರೋಸಿಲೇನ್‌ಗೆ ನೀರು ಸೋಕಿದ್ದೇ ನಾನು ಹುಟ್ಟಿದೆ.

ನೀರಿನಿಂದ ಹುಟ್ಟಿ ನೀರನ್ನೇ ಹತ್ತಿರ ಸೇರಿಸಲ್ವಲ್ಲ!

ಅದಕ್ಕೆ ವಾಟರ್‌ಪ್ರೂಫಿಂಗ್ ಅಂತಾರೆ. ಬಿಲ್ಲೂ ಆಗುತ್ತೆ.

ಕಾರು ಪೇಂಟ್ ಮಾಡೋ ಕಡೆ ನಿಮಗೆ ಪ್ರವೇಶವಿಲ್ಲವಂತೆ?

(ಮೊದಲ ಸಲ ಸ್ವಲ್ಪ ಗಟ್ಟಿಯಾದರು.) ಯಾರೋ ಡ್ಯಾಶ್‌ಬೋರ್ಡ್ ಪಾಲಿಶ್ ಮುಟ್ಟಿದ ಕೈಯಲ್ಲೇ ಬಾನೆಟ್ ಮುಟ್ಟಿರ್ತಾರೆ. ಕಣ್ಣಿಗೆ ಏನೂ ಕಾಣಲ್ಲ. ಗನ್ ಹಿಡಿದು ಬಣ್ಣ ಹೊಡೆದ ಕ್ಷಣದಲ್ಲೇ ನಾನಿದ್ದ ಜಾಗದಿಂದ ಬಣ್ಣ ಸುತ್ತಲೂ ಸರಿದು, ದುಂಡಗೆ ಗುಳಿ ಬಿದ್ದು, ನಡುವೆ ಪ್ರೈಮರ್ ಇಣುಕುತ್ತೆ. ‘ಫಿಶ್ ಐ’ ಅಂತಾರೆ. ಎಲ್ಲಾ ಉಜ್ಜಿ ಮತ್ತೆ ಮೊದಲಿಂದ ಶುರು. ಮಿಸ್ತ್ರಿ ಆಗ ಬೈಯೋ ಮಾತು ನಿಮ್ಮ ಪತ್ರಿಕೇಲಿ ಅಚ್ಚಾಗಲ್ಲ ಬಿಡಿ.

ನಿಮ್ಮ ದಾಯಾದಿಗಳು, ಸಿಲೇನ್‌ಗಳು?

ಅವರಲ್ಲಿ ಒಬ್ಬ ಮದುವೆ ದಲ್ಲಾಳಿ. ಒಂದು ಕೈಯಲ್ಲಿ ಗಾಜು, ಇನ್ನೊಂದರಲ್ಲಿ ರಾಳ ಹಿಡಿದು ಕೂಡಿಸ್ತಾನೆ. ಫೈಬರ್‌ಗ್ಲಾಸ್ ತೇವದಲ್ಲೂ ಬಿಟ್ಟುಕೊಳ್ಳದಿರೋದು ಅವನಿಂದ. ಟಯರಿನೊಳಗೆ ಸಿಲಿಕಾಗೂ ರಬ್ಬರಿಗೂ ಗಂಟು ಹಾಕಿ ಪೆಟ್ರೋಲ್ ಉಳಿಸೋನೂ ಅವನೇ. ಇನ್ನೊಬ್ಬ ಬರೀ ಸಿಲೇನ್ ಅನಿಲ. ಚಿಪ್ಪು, ಸೋಲಾರ್ ಪ್ಯಾನೆಲ್ ಕಾರ್ಖಾನೆ ಕೆಲಸ. ಗಾಳಿ ತಾಕಿದರೆ ತಾನೇ ಹೊತ್ತಿಕೊಳ್ತಾನೆ. ಸಂದರ್ಶನಕ್ಕೆ ಹೋಗಬೇಡಿ.

ಬೆಳ್ಳಂದೂರು ಕೆರೆಗೆ ನಿಮ್ಮನ್ನ ಒಂದು ಟ್ಯಾಂಕರ್ ಸುರಿದರೆ?

ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು. ನೊರೆ ಒಡೆಯೋದು ನನ್ನ ಕಸುಬು ನಿಜ. ಗುಳ್ಳೆಯ ಗೋಡೆ ಮೇಲೆ ಹರಡಿ ಅದನ್ನ ತೆಳು ಮಾಡಿಬಿಡ್ತೀನಿ. ಕರಿಯೋ ಎಣ್ಣೆಗೆ ಹತ್ತು ಲಕ್ಷದಲ್ಲಿ ಹತ್ತು ಪಾಲಿನೊಳಗೇ ಮುಗಿಸ್ತೀನಿ. ಆದರೆ ಕೆರೆಯಲ್ಲಿ ನೊರೆ ಅಡಗಿದರೆ ಟಿವಿಯವರು ಮನೆಗೆ ಹೋಗ್ತಾರೆ, ಸೋಪಿನ ಕೊಳಚೆ ಬರ್ತಾನೇ ಇರುತ್ತೆ. ನಿಮಗೆ ಬೇಕಿರೋದು ಶುದ್ಧೀಕರಣ ಘಟಕ, ನಾನಲ್ಲ.

ನಿಮ್ಮ ಮನೆಯವರೂ ಪರಿಸರದಲ್ಲಿ ಬೇಗ ಕರಗದೆ ಉಳಿಯುತ್ತಾರೆಂಬ ದೂರಿದೆ.

ಅದು ಡಿ4, ಡಿ5 ಅನ್ನೋ ಉಂಗುರದ ಹುಡುಗರು. ತೊಳೆದು ಹೋಗೋ ಶಾಂಪೂ-ಸಾಮಗ್ರಿಗಳಲ್ಲಿ ಅವರು ಶೇ. 0.1 ಮುಟ್ಟಬಾರದು ಅಂತ ಯುರೋಪಿನಲ್ಲಿ 2020ರಿಂದ ಕಟ್ಟಪ್ಪಣೆ. ನಾನು ನೇರ ಸರಪಳಿಯವನು.

ಆದರೆ ನಿಮ್ಮನ್ನ ತಯಾರಿಸೋದೇ ಆ ಉಂಗುರಗಳನ್ನ ಬಿಡಿಸಿ ಅಂತಾರಲ್ಲ?

(ಇಲ್ಲಿ ಜಾರಿಕೊಂಡರು.) ಓದುಗರಿಗೆ ಒಂದು ಮಾತು: ಗ್ಯಾಸಿಗೆ ಕುಡಿಯೋ ಸಿರಪ್ಪಿನ ಲೇಬಲ್ಲು ಓದಿ. ಸಿಮೆಥಿಕೋನ್ ಅಂತಿದ್ದರೆ ಅದೂ ನಾನೇ, ಸ್ವಲ್ಪ ಸಿಲಿಕಾ ಬೆರೆತವನು.