ಹನ್ನೊಂದು ದಿನದ ನೆನಪು

ನುಗ್ಗೆಕಾಯಿ ಕೀಳೋಕೆ ಹೊರಟ್ರಾ ರಾಯರೇ? ಆ ದೋಟಿ ಕಾಂಪೌಂಡಿಗೆ ಒರಗಿಸಿ ಎರಡು ನಿಮಿಷ ನಿಲ್ಲಿ. ನಮ್ಮ ಕ್ಯಾಮೆರಾ ಪುರಾಣ ಯಾರಿಗಾದ್ರೂ ಹೇಳದೆ ಹೋದ್ರೆ ನನಗೆ ತಿಂದದ್ದು ಅರಗೋದಿಲ್ಲ.

ನಮ್ಮ ಕೆಂಡಸಂಪಿಗೆ ಹೂವು ಬೆಳಕು ಹರಿಯೋದರೊಳಗೆ ಮಾಯವಾಗ್ತಿತ್ತಲ್ಲ. ನಮ್ಮಾಕೆ ಖಾಲಿ ಬುಟ್ಟಿ ಹಿಡ್ಕೊಂಡು ನನ್ನನ್ನೇ ದುರುಗುಟ್ಟೋಳು. ಸರಿ, ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ ಪೆಟ್ಟಿಗೆ ಬಂತು. ಜೋಡಿಸಿದ ಹುಡುಗ "ಎಲ್ಲಾ ಸೆಟ್ ಮಾಡಿದೀನಿ ಅಂಕಲ್" ಅಂತ ಬೈಕ್ ಹತ್ತಿದ. ಯುಗಾದಿ ದಿನ ಹೋದ ಹೂವನ್ನ ರಾಮನವಮಿ ಕಳೆದು ವಾರದ ಮೇಲೆ ಹುಡುಕ್ತೀನಿ, ಪೆಟ್ಟಿಗೆಯಲ್ಲಿ ಯುಗಾದಿಯೇ ಇಲ್ಲ!

ಲೆಕ್ಕ ಹಾಕಿದೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ತಿಂದ್ರೆ ದಿನಕ್ಕೆ ಸುಮಾರು 22 ಜಿಬಿ. ನಾಲ್ಕಕ್ಕೆ 86. 1 ಟಿಬಿ ಡಿಸ್ಕ್ 11 ದಿನಕ್ಕೇ ಭರ್ತಿ. ಆಮೇಲೆ ಹಳೇದರ ಮೇಲೇ ಹೊಸದು. ಪೊಲೀಸ್ ಠಾಣೆಗಳ ಕ್ಯಾಮೆರಾ ರೆಕಾರ್ಡಿಂಗನ್ನ 18 ತಿಂಗಳು ಉಳಿಸಿ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತ್ತು. ಸಂಪಿಗೆ ಕೇಸಿಗೆ ಅಷ್ಟೆಲ್ಲಾ ಎಲ್ಲಿ ತರೋಣ ಹೇಳಿ!

ಮೆನುವಿನೊಳಗೆ ಇಳಿದೆ. ವಿಡಿಯೋ ಕುಗ್ಗಿಸೋ ವಿಧಾನ ಎಚ್.264 ಇದ್ದದ್ದನ್ನ ತೆಗೆದು ಎಚ್.265 ಮಾಡಿದೆ, ಜಾಗ ಹತ್ತಿರ ಹತ್ತಿರ ಅರ್ಧ ಉಳೀತು. ಬಿಡದೆ ರೆಕಾರ್ಡ್ ಮಾಡೋದನ್ನ ನಿಲ್ಲಿಸಿ, ಏನಾದ್ರೂ ಅಲುಗಾಡಿದಾಗ ಮಾತ್ರ ಅಂತ ಮೋಷನ್ ಡಿಟೆಕ್ಷನ್ ಒತ್ತಿದೆ. ಬೆಳಿಗ್ಗೆ ನೋಡಿದ್ರೆ ನೂರಾರು ತುಣುಕು. ಎಲ್ಲದರಲ್ಲೂ ಒಂದೇ ಕಥಾನಾಯಕ, ದೀಪದ ಹುಳು! ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಅದು ಬೆಳ್ಳಗೆ ಹೊಳೀತಾ ಹದ್ದಿನಷ್ಟು ದೊಡ್ಡದಾಗಿ ಹಾರುತ್ತೆ. ಮಸೂರದ ಮುಂದೆ ಜೇಡ ಬೇರೆ ಬಲೆ ನೇಯ್ದಿತ್ತು. ಪೊರಕೆ ಹಿಡಿದು ಬಲೆ ತೆಗೆದೆ, ಸೆನ್ಸಿಟಿವಿಟಿ ಇಳಿಸಿದೆ.

ಮುಂದಿನದು ಚೌಕಗಳ ಆಟ. ಪರದೆ ತುಂಬ ಕೆಂಪು ಚೌಕ ಇರುತ್ತೆ, ಚೌಕ ಇದ್ದ ಕಡೆ ಅಲುಗಾಡಿದ್ರೆ ಮಾತ್ರ ರೆಕಾರ್ಡು, ಬೇಡದ್ದನ್ನ ಮೌಸಿನಲ್ಲಿ ಒರೆಸಬೇಕು. ಎಲೆ ಅಲ್ಲಾಡುತ್ತಲ್ಲ ಅಂತ ಬುದ್ಧಿವಂತ ನಾನು ಇಡೀ ಸಂಪಿಗೆ ಮರಾನೇ ಒರೆಸಿಬಿಟ್ಟೆ! ಎರಡು ದಿನ ಹೂವೂ ಹೋಯ್ತು, ಸಾಕ್ಷಿಯೂ ಇಲ್ಲ. ಆಮೇಲೆ ಗೋಡೆಯ ನೆತ್ತಿಗೆ ಮಾತ್ರ ಒಂದು ಸಾಲು ಚೌಕ ಬಿಟ್ಟೆ, ಈ ಕೈಯಿಟ್ಟಿದ್ದೀರಲ್ಲ, ಇಲ್ಲೇ.

ಸಿಕ್ಕಿತು ನೋಡಿ! ಆದರೆ ಹೊತ್ತು 7:45 ತೋರಿಸುತ್ತೆ, ಚಿತ್ರದಲ್ಲಿ ಕಗ್ಗತ್ತಲು. 7:45ಕ್ಕೆ ನಾನು ಅಂಗಳದಲ್ಲಿ ಪೇಪರ್ ಓದ್ತಾ ಕೂತಿರ್ತೀನಿ. "ನಿಮ್ಮ ಎದುರಿಗೇ ಕಿತ್ಕೊಂಡು ಹೋದ್ರಾ?" ಅಂದಳು ನಮ್ಮಾಕೆ. ಕೆದಕಿದ್ರೆ, ಪೆಟ್ಟಿಗೆ ಬೀಜಿಂಗ್ ಗಡಿಯಾರದಲ್ಲಿ ನಡೀತಿದೆ. ಜಿಎಂಟಿ ಪ್ಲಸ್ 8. ನಮ್ಮದು ಐದೂವರೆ. ಎರಡೂವರೆ ಗಂಟೆ ಕಳೆದ್ರೆ ಕಳ್ಳತನ 5:15ಕ್ಕೆ. ಟೈಮ್ ಝೋನ್ ತಿದ್ದಿ, ಇಂಟರ್ನೆಟ್ಟಿನಿಂದ ತಾನೇ ಹೊತ್ತು ಸರಿಮಾಡಿಕೊಳ್ಳೋ ಎನ್‌ಟಿಪಿ ಹಾಕಿದೆ. ಹುಡುಗ ಬಿಟ್ಟುಹೋಗಿದ್ದ ಪಾಸ್‌ವರ್ಡೂ ಬದಲಾಯಿಸಿದೆ. ಅದು ಒಂದರಿಂದ ಆರರ ತನಕ ಎಣಿಸಿದ್ದಷ್ಟೆ!

ಯಾರು ಅಂತೀರಾ? ಮುಖ ಕಾಣೋದಿಲ್ಲ. ರಾತ್ರಿ ಚಿತ್ರ, ಕಪ್ಪು ಬಿಳುಪು. ಗೋಡೆಯಾಚೆಯಿಂದ ದೋಟಿ ಒಂದು ಮೆಲ್ಲಗೆ ಮೇಲೇಳುತ್ತೆ, ಹೂವಿನ ತೊಟ್ಟಿಗೆ ಸಿಕ್ಕಿಸುತ್ತೆ, ತಿರುವುತ್ತೆ, ಇಳಿಯುತ್ತೆ. ಎಂಥಾ ಕೈಚಳಕ! ತುದಿಯಲ್ಲಿ ಕೊಕ್ಕೆ ಅಂತ ಕಟ್ಟಿದ್ದು ಮುರಿದ ಛತ್ರಿಯ ಹಿಡಿ...

ಅರೆ, ಒಳಗೆ ಹೊರಟೇಬಿಟ್ರಾ? ಹಾಲು ಉಕ್ಕುತ್ತಾ? ಇರಲಿ, ಹನ್ನೊಂದು ದಿನವೋ ಇಪ್ಪತ್ತು ದಿನವೋ, ಪೆಟ್ಟಿಗೆ ತಾನಾಗೇ ಮರೆಯುತ್ತೆ. ದೋಟಿ ಮರೆತು ಹೋಗ್ತಿದೀರಿ ರಾಯರೇ, ತೊಗೊಳ್ಳಿ. ನಮ್ಮಾಕೆಗೂ ನಾಲ್ಕು ಹೂವು ಬಿಡಿ.