ಕೊಸರಿನ ಲೆಕ್ಕ

ಹಾಲಿನವನು ಬರುವ ಹೊತ್ತಿಗೆ ಅಜ್ಜಿ ಹೊಸಿಲ ಮೇಲೆ ಕೂತಿರುತ್ತಿದ್ದಳು. ಅರ್ಧ ಲೀಟರಿನ ಅಳತೆ ಕ್ಯಾನಿನಲ್ಲಿ ಮುಳುಗಿ ಎದ್ದರೆ ಅವಳ ಮೊದಲ ತಗಾದೆ ನೊರೆಯದು. "ಗಾಳಿಗೆಲ್ಲ ದುಡ್ಡು ಕೊಡೋಕಾಗಲ್ಲ ಕಣಪ್ಪಾ, ಇಳೀಲಿ." ನೊರೆ ಇಳಿದ ಮೇಲೆ ಹಾಲು ಅಂಚಿಗೆ ಮುಟ್ಟಿದರೆ ಸಾಲದು, ಅಂಚು ಮೀರಿ ಉಬ್ಬಬೇಕು. "ಹೊಟ್ಟೆ ಬರಲಿ" ಎನ್ನುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ಹೊಟ್ಟೆ ಬರಿಸುತ್ತಿದ್ದ. ಅದಾದ ಮೇಲೆ ಕೊಸರು ಬೇರೆ.

ಇಂಥ ಮನೆಯಲ್ಲಿ ಬೆಳೆದವನು ಪಿಯುಸಿ ಕೆಮಿಸ್ಟ್ರಿ ಲ್ಯಾಬಿಗೆ ಹೋದರೆ ಇನ್ನೇನಾದೀತು? ಮೊದಲ ದಿನವೇ ಪಿಪೆಟ್ಟಿನಿಂದ 10 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಫ್ಲಾಸ್ಕಿಗೆ ಬಿಟ್ಟೆ. ತುದಿಯಲ್ಲಿ ಒಂದು ಹನಿ ಉಳಿದುಕೊಂಡಿತು. ಬಿಡುವುದುಂಟೇ? ಊದಿ ಕೆಡವಿದೆ. ಹಿಂದಿನಿಂದ ಮೇಷ್ಟ್ರು ಗದರಿದರು. "ಏಯ್, ಊದಬೇಡ್ವೋ! ಆ ಹನಿ ನಿಂದಲ್ಲ." ತುದಿಯ ಹನಿಯನ್ನು ಬಿಟ್ಟೇ ಪಿಪೆಟ್ಟಿಗೆ ಗೆರೆ ಹಾಕಿರುತ್ತಾರಂತೆ. ಕೊಸರು ಕೇಳುವುದು ತಪ್ಪು ಎಂದು ನನಗೆ ಮೊದಲು ಹೇಳಿದವರು ಅವರೇ.

ಎರಡನೆಯ ಪೆಟ್ಟು ಬ್ಯೂರೆಟ್ಟಿನಲ್ಲಿ ಬಿತ್ತು. ಗಾಜಿನ ಕೊಳವೆಯಲ್ಲಿ ನೀರು ಮಟ್ಟಸವಾಗಿ ನಿಲ್ಲುವುದಿಲ್ಲ. ನೀರಿಗೆ ತನ್ನವರ ಮೇಲಿರುವುದಕ್ಕಿಂತ ಗಾಜಿನ ಮೇಲೆ ಹೆಚ್ಚು ಸೆಳೆತ, ಹಾಗಾಗಿ ಅಂಚಿನಲ್ಲಿ ಗೋಡೆ ಹಿಡಿದು ಏರುತ್ತದೆ, ನಡುವೆ ತಗ್ಗುತ್ತದೆ. ಪಾದರಸ ಇದಕ್ಕೆ ತದ್ವಿರುದ್ಧ. ಅದರ ಕಣಗಳಿಗೆ ತಮ್ಮ ಬಳಗವೇ ಲೋಕ, ಗಾಜನ್ನು ಕಂಡರಾಗದು. ಅದಕ್ಕೇ ನಡುವೆ ಉಬ್ಬಿ ಕೂರುತ್ತದೆ. 1805ರಲ್ಲಿ ಥಾಮಸ್ ಯಂಗ್, ಮರುವರ್ಷ ಲಾಪ್ಲಾಸ್ ಈ ಬಾಗಿನ ಹಿಂದಿನ ಲೆಕ್ಕ ಬಿಡಿಸಿದರು. ಬಾಗಿಗೆ ಮೆನಿಸ್ಕಸ್ ಎಂದು ಹೆಸರು. ಗ್ರೀಕಿನಲ್ಲಿ ಅದಕ್ಕೆ ಪುಟ್ಟ ಚಂದ್ರ ಎಂದರ್ಥ. ಬಿದಿಗೆ ಚಂದ್ರ ಎಂದಿದ್ದರೆ ನಮ್ಮ ಹಿಂದಿನ ಬೆಂಚಿಗೂ ಒಂದೇ ಏಟಿಗೆ ತಿಳಿಯುತ್ತಿತ್ತು.

ಓದಬೇಕಾದ್ದು ಚಂದ್ರನ ತಳವನ್ನು. "ಸರ್, ಅಂಚಿನಲ್ಲಿ ಏರಿರೋದು ನಮಗೆ ಕೊಸರಲ್ವಾ?" ಎಂದೆ. "ಗೆರೆ ಹಾಕುವಾಗಲೇ ತಳ ನೋಡಿ ಹಾಕಿದಾರೆ, ಏರಿರೋದೂ ಲೆಕ್ಕದಲ್ಲೇ ಇದೆ" ಎಂದರು. ಅದೂ ಹೋಯಿತು.

ತಳವನ್ನಾದರೂ ಕಣ್ಣಿನ ಮಟ್ಟದಲ್ಲೇ ನೋಡಬೇಕು. ನಾನು ತೆಂಗಿನ ಮರ, ಪಕ್ಕದವನು ಕುಳ್ಳ. ಬ್ಯೂರೆಟ್ಟಿನ ಸೊನ್ನೆ ಇರುವುದು ಮೇಲ್ಗಡೆ. ಮೇಲಿನಿಂದ ಇಣುಕಿದ ನನಗೆ ಯಾವಾಗಲೂ ಕಡಿಮೆ, ಕೆಳಗಿನಿಂದ ಕತ್ತೆತ್ತಿದ ಅವನಿಗೆ ಹೆಚ್ಚು. ಇಬ್ಬರ ಸರಾಸರಿ ತೆಗೆದರೆ ಸರಿಯಾಗಿಯೇ ಇರುತ್ತಿತ್ತು, ಆದರೆ ಮಾರ್ಕ್ಸನ್ನು ಬಿಡಿಬಿಡಿಯಾಗಿ ಕೊಡುತ್ತಾರೆ. ಇಷ್ಟೆಲ್ಲ ಅಭ್ಯಾಸವಾದ ಮೇಲೆ ಬ್ಯೂರೆಟ್ಟಿಗೆ ಪೊಟ್ಯಾಶಿಯಂ ಪರ್ಮಾಂಗನೇಟ್ ಬಂತು. ನೇರಳೆ ಹಣ್ಣಿನ ರಸದಂಥ ಬಣ್ಣ, ತಳ ಕಾಣುವುದೇ ಇಲ್ಲ. "ಇದಕ್ಕೆ ಮಾತ್ರ ಮೇಲಿನ ಅಂಚು ಓದ್ರೋ" ಎಂದರು. ಮೊದಲೂ ಕೊನೆಗೂ ಒಂದೇ ಅಂಚು ಓದಿದರೆ ವ್ಯತ್ಯಾಸ ಸರಿಬರುತ್ತದೆ. ನಾನು ಮೊದಲು ಮೇಲಿನದು ಓದಿ, ಕೊನೆಗೆ ಅಂದಾಜಿನ ಮೇಲೆ ತಳದ್ದು ಬರೆದೆ. ಕೊಸರು ಸಿಕ್ಕಿತು, ಮಾರ್ಕ್ಸು ಹೋಯಿತು.

ಈ ವಿದ್ಯೆಯನ್ನೆಲ್ಲ ಒಂದು ಬೆಳಿಗ್ಗೆ ಹೊಸಿಲ ಮೇಲೆ ಸುರಿದೆ. ಹಾಲು ಅಂಚು ಮೀರಿಯೂ ಚೆಲ್ಲದಿರುವುದು ಮೇಲ್ಮೈಯ ಬಿಗಿತದಿಂದ. ಕೆನೆಯಿಂದಲ್ಲ, ನೀರೂ ಹಾಗೇ ಉಬ್ಬುತ್ತದೆ. ಏಳು ಸೆಂ.ಮೀ. ಬಾಯಿಯ ಅಳತೆಯಲ್ಲಿ 2 ಮಿ.ಮೀ. ಹೊಟ್ಟೆ ಬಂದರೆ ಹತ್ತಿರ ಹತ್ತಿರ 7 ಮಿ.ಲೀ. ಹೆಚ್ಚು. ತಿಂಗಳಿಗೆ 200 ಮಿ.ಲೀ. ದಾಟುತ್ತದೆ. ಅಜ್ಜಿಯ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. "ಅದಕ್ಕೇ ಲ್ಯಾಬಿನ ಫ್ಲಾಸ್ಕುಗಳಿಗೆ ಕತ್ತು ಸಣ್ಣ. ಬಾಯಿ ಒಂದು ಸೆಂ.ಮೀ. ಇದ್ದರೆ ಇದೇ ಹೊಟ್ಟೆಗೆ ಎರಡು ಮೂರು ಹನಿಯೂ ಹೋಗಲ್ಲ" ಎಂದುಬಿಟ್ಟೆ.

ಹಾಲಿನವನು ಅಳತೆ ಕೆಳಗಿಟ್ಟ. "ಸ್ವಾಮೀ, ಅಂಥಾ ಸಣ್ಣ ಬಾಯಿನ ಅಳತೆ ಯಾವ ಅಂಗಡೀಲಿ ಸಿಗುತ್ತೆ?"

ಅಜ್ಜಿ ನನ್ನನ್ನು ಒಮ್ಮೆ ನೋಡಿ ಎದ್ದು ಒಳಗೆ ಹೋದಳು. ಮಧ್ಯಾಹ್ನ ನನ್ನ ಕಾಫಿ ಅಂಚಿನಿಂದ ಎರಡು ಬೆರಳು ಕೆಳಗಿತ್ತು. ಸ್ಟೀಲ್ ಲೋಟವಾದ್ದರಿಂದ ಮೆನಿಸ್ಕಸ್ ಓದಲಾಗಲಿಲ್ಲ.